ನಡುವೆ ಕೂತವನು

ನಾನು ಮನಿಲಾದಲ್ಲಿ ದೇಶದೇಶಗಳ ನಡುವೆ ರಾಜಿ ಮಾಡಿಸುವ ವಿದ್ಯೆ ಕಲಿಯುತ್ತಿದ್ದ ಕಾಲಕ್ಕೆ ಸರಿಯಾಗಿ ನಮ್ಮ ಮನೆಯಲ್ಲಿ ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟು ಕೂತಿದ್ದರು. ಇದನ್ನು ಕಾಕತಾಳೀಯ ಎನ್ನಬಹುದು. ನಮ್ಮ ಕಡೆಯವರು ಹಾಗೆ ಅನ್ನಲಿಲ್ಲ. "ಹೊರದೇಶದಾಗ ಕುಂತು ಏನ್ ಓದ್ತೀಯಪಾ ಅಂದ್ರ ಜಗಳ ಬಿಡಿಸೋದಂತ. ಮನಿ ನೋಡಿದ್ರ ಹಿಂಗ" ಎಂದು ಕಂಪ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬರು ನನ್ನ ಎದುರಿಗೇ ಅಂದರು. ನಾನು ಒಗ್ಗಾಣಿ ಮಿರ್ಚಿ ತಿನ್ನುತ್ತಿದ್ದೆ. ತಲೆ ಎತ್ತದೆ ತಿನ್ನುತ್ತಲೇ ಇದ್ದೆ.

ನಮ್ಮೂರು ಕಂಪ್ಲಿಯ ಹತ್ತಿರ, ಕಾಲುವೆಯ ಮಗ್ಗುಲಲ್ಲಿ. ಡ್ಯಾಮಿನ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ವರ್ಷಕ್ಕೆ ಎರಡು ಬೆಳೆ ಬಂತು, ಮಣ್ಣಿನ ಮಾಳಿಗೆ ಇದ್ದ ಕಡೆ ಆರ್.ಸಿ.ಸಿ. ಎದ್ದಿತು. ಆ ಸಮೃದ್ಧಿಯ ಕೊಸರಾಗಿ ನನ್ನಂಥ ಒಂದಷ್ಟು ಹುಡುಗರು ಗದ್ದೆಗೆ ಇಳಿಯುವುದನ್ನು ತಪ್ಪಿಸಿಕೊಂಡು ಓದಿಗೆ ಹೋದೆವು. ನಾನು ಹೊಸಪೇಟೆಯಲ್ಲಿ ಬಿ.ಎ. ಮುಗಿಸಿದೆ, ಧಾರವಾಡದಲ್ಲಿ ಎಂ.ಎ. ಮಾಡಿದೆ, ಅಷ್ಟಕ್ಕೇ ಸುಮ್ಮನಾಗದೆ ಎಂಬತ್ತರ ದಶಕದ ಕೊನೆಯಲ್ಲಿ ಒಂದು ಸ್ಕಾಲರ್‌ಶಿಪ್ ಗಿಟ್ಟಿಸಿಕೊಂಡು ಮನಿಲಾಕ್ಕೆ ಹಾರಿದೆ. ವಿಷಯ, ಸಾರ್ವಜನಿಕ ನೀತಿ ಮತ್ತು ಅಂತರರಾಷ್ಟ್ರೀಯ ವ್ಯವಹಾರ. ಹೊರಡುವ ಮುಂಚೆ ಈ ಹೆಸರನ್ನು ಅಪ್ಪನಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅಪ್ಪ ದೇವಸ್ಥಾನದಲ್ಲಿ ಮಂತ್ರ ಕೇಳುವವನ ಹಾಗೆ ಕೇಳಿಸಿಕೊಂಡ.

"ಅಂದ್ರ ಏನಪಾ?" ಅಂದ.

"ಸರ್ಕಾರ ಏನ್ ಮಾಡ್ಬೇಕು, ಏನ್ ಮಾಡಬಾರ್ದು ಅನ್ನೋದನ್ನ ಓದೋದಪ್ಪ."

"ಅದಕ್ಕ ಅಷ್ಟು ದೂರ ಯಾಕ? ಊರ ಕಟ್ಟಿ ಮ್ಯಾಲೆ ದಿನಾ ಅದನ್ನ ಹೇಳ್ತಾರಲ್ಲ."

ಮನಿಲಾ ಎಲ್ಲಿದೆ ಎಂದು ತಿಳಿಸಲು, ಐ.ಆರ್. ಎಂಟು ಭತ್ತ ಬಂತಲ್ಲ, ಅದೇ ದೇಶ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅಲ್ಲಿಗೆ ನನ್ನ ಅಂತರರಾಷ್ಟ್ರೀಯ ವ್ಯವಹಾರ ಮುಗಿಯಿತು. ನಾನು ಭತ್ತ ಓದಲು ಹೋಗಿದ್ದೇನೆ ಎಂದು ಊರು ತೀರ್ಮಾನಿಸಿತು. ಮೊದಲ ವರ್ಷ ಮುಗಿಸಿ ರಜೆಗೆ ಬಂದಾಗ ಕಟ್ಟೆಯ ಮೇಲಿನವರು ನನ್ನ ಸೂಟ್‌ಕೇಸನ್ನೇ ನೋಡುತ್ತಿದ್ದರು. "ಹೊಸ ಬೀಜ ಏನ್ ತಂದೀಲೇ?" ಎಂದು ಕೇಳಿದರು. ನಾನು ತಂದಿದ್ದು ಎರಡು ಟೈ ಮತ್ತು ಒಂದಿಷ್ಟು ಅಭಿಪ್ರಾಯ.

ಇನ್ನು ಆ ಜಗಳ. ಆಸ್ತಿ ಪಾಲಾದಾಗ ದೊಡ್ಡಪ್ಪನಿಗೆ ಮೇಲಿನ ಗದ್ದೆ, ಅಪ್ಪನಿಗೆ ಕೆಳಗಿನ ಗದ್ದೆ ಬಂದಿತ್ತು. ತೂಬಿನಿಂದ ಇಳಿದ ನೀರು ಮೊದಲು ದೊಡ್ಡಪ್ಪನ ಗದ್ದೆ ತುಂಬಿ ಆಮೇಲೆ ಕೆಳಗೆ ಬರಬೇಕು. ನಾನು ಇನ್ನೂ ಧಾರವಾಡದಲ್ಲಿದ್ದಾಗ ಒಂದು ವರ್ಷ ನಾಟಿಯ ಹೊತ್ತಿಗೆ ನೀರು ತಡವಾಗಿ, ಅಪ್ಪನ ಸಸಿ ಮಡಿಯಲ್ಲೇ ಹಳದಿಯಾಯಿತು. ಬದುವಿನ ಮೇಲೆ ಮಾತಿಗೆ ಮಾತು ಬೆಳೆಯಿತು. "ನಿನ್ನ ಗದ್ದಿಗೆ ಹೊಟ್ಟಿ ತುಂಬೋದ ಇಲ್ಲೇನು?" ಎಂದು ಅಪ್ಪ ಅಂದನಂತೆ. ಅಣ್ಣನಿಗೆ ತಮ್ಮ ಆಡಬಾರದ ಮಾತು. "ಇವತ್ತಿಗೆ ಮುಗೀತು, ಇನ್ನ ನಿನ್ನ ಕೂಡ ಮಾತಿಲ್ಲ" ಎಂದು ದೊಡ್ಡಪ್ಪ ಸಲಿಕೆ ಹೆಗಲಿಗೇರಿಸಿಕೊಂಡು ನಡೆದನಂತೆ.

ಮಾತು ಬಿಟ್ಟವರೆಂದರೆ ನಮ್ಮ ಕಡೆ ಬಾಯಿ ಮುಚ್ಚಿಕೊಂಡಿರುವವರು ಎಂದು ಯಾರೂ ತಿಳಿಯಬಾರದು. ಮಾತು ಬಿಟ್ಟ ಇಬ್ಬರು ಒಂದೇ ಕಟ್ಟೆಯ ಮೇಲೆ ಕೂಡುತ್ತಾರೆ. ಇಬ್ಬರೂ ರಸ್ತೆಯ ಕಡೆ ನೋಡುತ್ತಾರೆ. ನಡುವೆ ಮೂರನೆಯವನೊಬ್ಬ ಇರುತ್ತಾನೆ. "ನಾಳಿ ಕಾಲುವಿ ಬಂದ್ ಅಂತ, ಅವಗ ಹೇಳಪಾ" ಎಂದು ಈ ಕಡೆಯವನು ಅನ್ನುತ್ತಾನೆ. ಅವನು ಎಂಬುವವನು ಕೈಗೆಟುಕುವಷ್ಟು ಹತ್ತಿರದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿರುತ್ತಾನೆ. ಆದರೂ ನಡುವಿನವನು ಅದನ್ನು ಇನ್ನೊಮ್ಮೆ ಹೇಳಬೇಕು. ಹೇಳಿದ ಮೇಲೆಯೇ ಉತ್ತರ. ಮನುಷ್ಯರು ಸಿಗದಿದ್ದರೆ ಎಮ್ಮೆಗೆ ಹೇಳುವುದೂ ಉಂಟು. ಅಪ್ಪನೂ ದೊಡ್ಡಪ್ಪನೂ ಮೊದಮೊದಲು ಹೀಗೇ ನಡೆಸಿದ್ದರು. ಆಮೇಲೆ ಅಪ್ಪ ಹೊಸ ಮನೆ ಕಟ್ಟಿಸಿದಾಗ ಅದರ ಮುಂದೆ ತನ್ನದೇ ಒಂದು ಕಟ್ಟೆಯನ್ನೂ ಕಟ್ಟಿಸಿಕೊಂಡ. ಒಂದೇ ಕಟ್ಟೆಯಲ್ಲಿ ಕೂಡುವುದು ತಪ್ಪಿತು, ಆ ಅರ್ಧಂಬರ್ಧ ಮಾತೂ ನಿಂತುಹೋಯಿತು.

ನಾನು ಇದನ್ನೆಲ್ಲ ಕಂಡೇ ಬೆಳೆದವನು. ಆದರೆ ಮನಿಲಾದ ನೀರು ಕುಡಿದ ಮೇಲೆ ಇದು ನನಗೆ ಬರೀ ಹಳ್ಳಿಯ ಹಟಮಾರಿತನವಾಗಿ ಕಾಣತೊಡಗಿತ್ತು. ಅಲ್ಲಿ ನಮಗೆ ವಾರಕ್ಕೊಮ್ಮೆ ಸುಳ್ಳು ಸಂಧಾನಗಳಿರುತ್ತಿದ್ದವು. ದುಂಡು ಮೇಜು, ಮೇಜಿನ ಮೇಲೆ ದೇಶಗಳ ಹೆಸರು ಬರೆದ ಹಲಗೆ, ಒಂದೊಂದು ದೇಶಕ್ಕೆ ಒಬ್ಬೊಬ್ಬ ವಿದ್ಯಾರ್ಥಿ. ನೇಪಾಳದ ಗೆಳೆಯ ಒಂದು ವಾರ ಚೀನಾ ಆಗುತ್ತಿದ್ದ, ಇನ್ನೊಂದು ವಾರ ಜಪಾನ್. ನನ್ನನ್ನು ಮಾತ್ರ ಯಾವಾಗಲೂ ಮಧ್ಯಸ್ಥನನ್ನಾಗಿ ಮಾಡುತ್ತಿದ್ದರು. ಕಾರಣ, ಯಾರು ಏನೇ ಕೇಳಿದರೂ ನಾನು ತುಸು ಹೊತ್ತು ಸುಮ್ಮನಿದ್ದು ಆಮೇಲೆ ಒಂದೇ ವಾಕ್ಯ ಹೇಳುತ್ತಿದ್ದೆ. "ನಿನ್ನ ಮೌನದಲ್ಲಿ ಪ್ರಬುದ್ಧತೆ ಇದೆ" ಎಂದು ನಮ್ಮ ಪ್ರೊಫೆಸರಮ್ಮ ಮೆಚ್ಚಿಕೊಂಡಿದ್ದರು. ನಾನು ಆ ಹೊತ್ತಿನಲ್ಲಿ ಕನ್ನಡದಿಂದ ಇಂಗ್ಲಿಷಿಗೆ ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ ಎಂಬುದು ಅವರಿಗೆ ತಿಳಿಯದು. ನಾನೂ ತಿಳಿಸಲು ಹೋಗಲಿಲ್ಲ. ಹೊಗಳಿಕೆ ಎಷ್ಟು ಬೇಗ ಒಗ್ಗುತ್ತದೆಂದರೆ, ವರ್ಷ ಕಳೆಯುವಷ್ಟರಲ್ಲಿ ಆ ಪ್ರಬುದ್ಧತೆ ನನ್ನಲ್ಲಿ ನಿಜವಾಗಿಯೂ ಇದೆ ಎಂದು ನಾನೇ ನಂಬಿಬಿಟ್ಟಿದ್ದೆ. ರಜೆಗೆ ಹೊರಟಾಗ ಅವರು, ನಿನ್ನ ಊರಿನಲ್ಲೇ ಒಂದು ನೀರಿನ ವಿವಾದ ಹುಡುಕಿ ಪ್ರಬಂಧ ಬರಿ ಎಂದರು. ಹುಡುಕುವುದೇನು ಬಂತು, ವಿವಾದ ನಮ್ಮ ಪಕ್ಕದ ಮನೆಯಲ್ಲೇ ಇತ್ತು.

ಮನೆಗೆ ಬಂದಾಗ ತಂಗಿಗೆ ಗಂಡು ಗೊತ್ತಾಗಿತ್ತು. ಸಂಡೂರಿನವರು, ಹುಡುಗನಿಗೆ ದೋಣಿಮಲೈ ಗಣಿಯಲ್ಲಿ ಕೆಲಸ, ಕ್ವಾರ್ಟರ್ಸ್ ಕೂಡ ಸಿಕ್ಕಿತ್ತು. ತಂಗಿಗೂ ಹುಡುಗ ಒಪ್ಪಿಗೆಯಾಗಿದ್ದ. ಹೂವೀಳ್ಯಕ್ಕೆ ದಿನ ನೋಡಿದ್ದರು. ಹೂವೀಳ್ಯ ಅಂದರೆ ನಮ್ಮಲ್ಲಿ ಮದುವೆ ನಿಶ್ಚಯ ಮಾಡುವ ಶಾಸ್ತ್ರ. ಹೆಣ್ಣಿನ ಮನೆಯ ಹಿರಿಯ ಎಲೆ ಅಡಿಕೆಯ ತಟ್ಟೆಯನ್ನು ಗಂಡಿನ ಕಡೆಯವರ ಕೈಗೆ ಕೊಡಬೇಕು. ನಮ್ಮ ಮನೆಯ ಹಿರಿಯ ದೊಡ್ಡಪ್ಪ. ಹುಡುಗನ ತಂದೆ ಮೆತ್ತಗೆ, ಆದರೆ ಬಿಡಿಸಿಯೇ ಹೇಳಿ ಹೋಗಿದ್ದರು: "ನಿಮ್ಮ ಹಿರೇರು ವೀಳ್ಯ ಕೊಟ್ರ ತಗೊಂತೀವ್ರಿ. ಅವರ ಬರ್ಲಿಲ್ಲಂದ್ರ, ಮನಿಯಾಗ ಏನೋ ಐತಿ ಅಂತ ನಮ್ಮ ಮಂದಿ ಹಿಂದ ಸರೀತಾರ."

ದೊಡ್ಡಪ್ಪ ದೊಡ್ಡವ್ವನಿಗೆ ಮಕ್ಕಳಿಲ್ಲ. ತಂಗಿ ನಡೆಯಲು ಕಲಿತದ್ದೇ ಅವರ ಅಂಗಳದಲ್ಲಿ. ಜಗಳವಾಗುವವರೆಗೆ ಅವಳು ರಾತ್ರಿ ಉಣ್ಣುತ್ತಿದ್ದುದು ದೊಡ್ಡಪ್ಪನ ತಟ್ಟೆಯ ಪಕ್ಕದಲ್ಲೇ. ಈಗ ಅಪ್ಪ, "ಮನಿ ಮಗಳ ಕೆಲಸಕ್ಕ ಅವನನ್ನ ಕರೀಬೇಕೇನು? ತಾನ ಬರ್ಬೇಕು" ಎನ್ನುತ್ತಿದ್ದ. ದೊಡ್ಡಪ್ಪ ಆ ಮನೆಯಲ್ಲಿ ಕೂತು, "ಕರೀದ ಹೆಂಗ ಹೋಗ್ಲಿ?" ಎನ್ನುತ್ತಿದ್ದ. ಎರಡೂ ಮಾತು ದೊಡ್ಡವ್ವ ಮತ್ತು ಅವ್ವ ನೀರು ತರುವ ದಾರಿಯಲ್ಲಿ ಅತ್ತಿಂದಿತ್ತ ಸಾಗುತ್ತಿದ್ದವು, ಆದರೆ ಇಬ್ಬರೂ ಜಗ್ಗಿರಲಿಲ್ಲ.

"ಅಣ್ಣಾ, ದೊಡ್ಡಪ್ಪ ಬರ್ಲಿಲ್ಲಂದ್ರ ಈ ಸಂಬಂಧ ಮುರೀತೈತಿ" ಎಂದಳು ತಂಗಿ. "ಮುರೀಲಿಲ್ಲಂದ್ರೂ ದೊಡ್ಡಪ್ಪ ಇಲ್ದ ನಾ ಆ ಚಾಪಿ ಮ್ಯಾಲೆ ಕುಂದ್ರಂಗಿಲ್ಲ." ಹೇಳುವಾಗ ಅಳು ತಡೆದುಕೊಂಡಿದ್ದಳು.

"ನೀ ಚಿಂತಿ ಮಾಡಬ್ಯಾಡ. ನಾನು ಓದಿದ್ದೇ ಇದನ್ನ" ಎಂದೆ ನಾನು. ಆ ಮಾತು ನೆನಪಾದರೆ ಈಗಲೂ ನಾಚಿಕೆಯಿಂದ ಮೈ ಹಿಡಿ ಮಾಡಿಕೊಳ್ಳುತ್ತೇನೆ.

ಸಂಧಾನದ ಮೊದಲ ನಿಯಮ, ತಟಸ್ಥ ಸ್ಥಳ. ಹೂವೀಳ್ಯಕ್ಕೆ ಮುಂಚೆ ಮನೆಯವರೆಲ್ಲ ಹಂಪಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುವುದು ನಮ್ಮ ಮನೆಯ ಪದ್ಧತಿ. ತಂಗಿ ಹೋಗಿ ಕೇಳಿಕೊಂಡಿದ್ದಕ್ಕೆ ದೊಡ್ಡಪ್ಪ, ದೇವರಿಗೆ ತಾನೇ, ಬರುತ್ತೇನೆ ಅಂದ. ಆ ದಿನ ಹೆಂಗಸರನ್ನು ಗುಡಿಯಲ್ಲೇ ಬಿಟ್ಟು, ಅಪ್ಪನನ್ನೂ ದೊಡ್ಡಪ್ಪನನ್ನೂ ನಾನು ಬಜಾರದ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ವಿದೇಶದಿಂದ ಬರುವವರಿಗಾಗಿ ಅಲ್ಲಿ ಮೇಜು ಕುರ್ಚಿ ಹಾಕಿದ್ದರು. ದುಂಡು ಮೇಜು ಇರಲಿಲ್ಲ. ಇದ್ದ ಚೌಕದ ಮೇಜಿನ ಆ ಕಡೆ ದೊಡ್ಡಪ್ಪನನ್ನು, ಈ ಕಡೆ ಅಪ್ಪನನ್ನು ಎದುರುಬದುರು ಕೂಡಿಸಿದೆ. ತುದಿಯಲ್ಲಿ ನಾನು ಕೂತೆ, ಕೈಗಳನ್ನು ಮೇಜಿನ ಮೇಲೆ ಜೋಡಿಸಿಕೊಂಡು, ಪ್ರಬುದ್ಧತೆ ತುಂಬಿದ ಮೌನದಲ್ಲಿ.

ದೊಡ್ಡಪ್ಪ ಚಹಾವನ್ನು ಬಸಿಗೆ ಸುರಿದು ಕುಡಿಯತೊಡಗಿದ. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಆಮೇಲೆ ಹೋಟೆಲಿನವನ ಕಡೆ ತಿರುಗಿ, "ಸಕ್ರಿ ಕಡಿಮಿ ಐತಿ. ಅವರಿಗೆ ಸಕ್ರಿ ಜಾಸ್ತಿ ಬೇಕು, ಹಾಕಿ ಕೊಡಪಾ" ಅಂದ. ಎಷ್ಟೋ ದಿನಗಳ ಮೇಲೆ ಅಪ್ಪ ದೊಡ್ಡಪ್ಪನ ಎದುರಿಗೆ ಆಡಿದ ಮೊದಲ ಮಾತು ಅದು. ಅಣ್ಣನಿಗೆ ಸಕ್ಕರೆ ಜಾಸ್ತಿ ಬೇಕೆಂದು ತಮ್ಮನಿಗೆ ನೆನಪಿತ್ತು. ನಾನು ಅದನ್ನು ಅಲ್ಲಿಯೇ ತಡೆದೆ.

"ಅಪ್ಪಾ, ಮೂರನೇದವರಿಗೆ ಹೇಳಬ್ಯಾಡ. ಏನೈತಿ ದೊಡ್ಡಪ್ಪಗ ನೇರ ಹೇಳು. ಕಣ್ಣು ನೋಡಿ ಹೇಳು" ಅಂದೆ. ಸಕ್ಕರೆ ಡಬ್ಬಿ ಹಿಡಿದುಕೊಂಡು ಬಂದ ಹೋಟೆಲಿನವನನ್ನೂ, ಆಮೇಲೆ ಬರ್ರಿ ಎಂದು ವಾಪಸ್ಸು ಕಳಿಸಿದೆ.

"ಏನ್ ಹೇಳ್ಲಿ?" ಅಪ್ಪನಿಗೆ ಗಾಬರಿಯಾಯಿತು.

"ಅವತ್ತು ನೀರು ಬರದಿದ್ದಾಗ ನಿನಗ ಒಳಗ ಏನನ್ನಿಸ್ತು, ಅದನ್ನ ಹೇಳು."

"ಏನನ್ನಿಸ್ತು ಅಂದ್ರ? ಸಸಿ ಒಣಗ್ತಾವ ಅನ್ನಿಸ್ತು."

ಓದಿದ ಮಗನ ಮಾತಿಗೆ ಬೆಲೆ ಕೊಡಬೇಕೆಂದು ಅಪ್ಪ ಕಷ್ಟಪಟ್ಟು ತಲೆ ಎತ್ತಿದ, ಅಣ್ಣನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ನಮ್ಮ ಕಡೆ ತಮ್ಮನಾದವನು ಅಣ್ಣನ ಎದುರಿಗೆ ಕುರ್ಚಿ ಹಾಕಿಕೊಂಡು ಹಾಗೆ ನೋಡಿದರೆ ಅದಕ್ಕೆ ಒಂದೇ ಅರ್ಥ. ನಾನು ಅದನ್ನು ಮನಿಲಾದಲ್ಲಿ ಕಲಿಯಬೇಕಾಗಿರಲಿಲ್ಲ, ಅಂಬೆಗಾಲಿಡುವಾಗಿನಿಂದ ಗೊತ್ತಿತ್ತು. ಗೊತ್ತಿದ್ದುದನ್ನು ಮರೆಯಲಿಕ್ಕೆ ಸ್ಕಾಲರ್‌ಶಿಪ್ ತೆಗೆದುಕೊಂಡಿದ್ದೆ.

ದೊಡ್ಡಪ್ಪ ಬಸಿಯನ್ನು ಕೆಳಗಿಟ್ಟ. "ಹಿಂಗ ಎದುರಾಎದುರು ಕುಂದ್ರಾಕ ಇದೇನು ಕೋರ್ಟ? ನಾನೇನು ಕಟಕಟಿಯಾಗ ನಿಂತೀನೇನು? ಕಣ್ಣು ಬಿಟ್ಟು ನೋಡಾಕ ಹತ್ಯಾನ!" ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಅಪ್ಪ ನನ್ನ ಕಡೆ ತಿರುಗಿದ. "ಇನ್ನೂ ಒಂದು ವರ್ಷ ಐತೇನು ನಿನ್ನ ಓದು?" ಎಂದು ಕೇಳಿದ. ಹೌದು ಅಂದೆ. "ದೇವರ ಕಾಯ್ಬೇಕು ಆ ದೇಶಗಳನ್ನ" ಎಂದು ಎದ್ದ.

ಗುಡಿಯ ಮುಂದೆ ತಂಗಿ ಕಾಯುತ್ತ ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಕಾಯಿಯ ಬುಟ್ಟಿ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದರೆ ಕಂಪ್ಲಿ ಕಡೆಗೆ ಆ ಹೊತ್ತಿನಲ್ಲಿ ಇದ್ದುದು ಒಂದೇ ಬಸ್ಸು. ಸಿಟ್ಟು ಮಾಡಿಕೊಂಡು ಮುಂದೆ ಹೋದವನೂ, ಹಿಂದೆ ಹೋದವರೂ ಅದಕ್ಕೇ ಹತ್ತಬೇಕು. ಹೆಂಗಸರಿಗೆ ಮುಂದುಗಡೆ ಜಾಗ ಸಿಕ್ಕಿತು. ದೊಡ್ಡಪ್ಪ ಆಗಲೇ ಹಿಂದಿನ ಒಂದು ಮೂರು ಜನರ ಸೀಟಿನಲ್ಲಿ ಕಿಟಕಿ ಹಿಡಿದು ಕೂತಿದ್ದ. ಅವನ ಪಕ್ಕದಲ್ಲಿ ಮಾತ್ರ ಜಾಗವಿತ್ತು. ಅಪ್ಪ ನಿಂತೇ ಇದ್ದ. "ಕುಂದ್ರಿ ಯಜಮಾನ್ರ, ಜಲ್ದಿ ಕುಂದ್ರಿ, ದಾರಿ ಬಿಡ್ರಿ" ಎಂದು ಕಂಡಕ್ಟರ್ ಗದರಿಸಿದ. ಅಪ್ಪ ನನ್ನನ್ನು ಭುಜ ಹಿಡಿದು ಒಳಗೆ ತಳ್ಳಿ, ತಾನು ತುದಿಗೆ ಕೂತ. ನಾನು ನಡುವೆ ಬಿದ್ದೆ. ಎರಡೂ ಕಡೆಯಿಂದ ಒತ್ತುತ್ತಿದ್ದ ಎರಡು ಭುಜಗಳ ನಡುವೆ ನನ್ನ ಪ್ರಬುದ್ಧತೆಗೆ ಕೈ ಆಡಿಸಲೂ ಜಾಗವಿರಲಿಲ್ಲ.

ಬಸ್ಸು ಕಮಲಾಪುರ ದಾಟಿತು. ಬಾಳೆಯ ತೋಟಗಳು ಶುರುವಾದವು. ದೊಡ್ಡಪ್ಪ ಕಿಟಕಿಯ ಹೊರಗೇ ನೋಡುತ್ತ ಅಂದ: "ಹೂವೀಳ್ಯ ಯಾವತ್ತು ಅಂತ ಕೇಳು."

ನನಗೆ ಅಂದದ್ದೆಂದು ನನಗೆ ಹೊಳೆಯಲೇ ಇಲ್ಲ. ಮೊಣಕೈಯಿಂದ ತಿವಿದ ಮೇಲೆ ಗೊತ್ತಾಯಿತು. ಅಪ್ಪನ ಕಡೆ ತಿರುಗಿ ಕೇಳಿದೆ. ಅಪ್ಪ ಡ್ರೈವರನ ಬೆನ್ನು ನೋಡುತ್ತ, "ಸೋಮವಾರ ಅಂತ ಹೇಳು" ಅಂದ.

ಇಲ್ಲಿ ನನ್ನ ವಿದ್ಯೆ ಮತ್ತೆ ಹೆಡೆಯೆತ್ತಿತು. ದೊಡ್ಡಪ್ಪನ ಕಡೆ ಬಾಗಿ, "ಸೋಮವಾರ, ದೊಡ್ಡಪ್ಪ. ನೀನು ಬಂದ್ರ ಅಪ್ಪಗ ಭಾಳ ಸಂತೋಷ ಆಗ್ತೈತಂತ" ಎಂದೆ.

"ನಾ ಯಾವಾಗ ಹಂಗಂದೆ?" ಎಂದ ಅಪ್ಪ ಈ ಕಡೆಯಿಂದ.

"ಅವ ಹಂಗ ಅನ್ನೋನ ಅಲ್ಲ" ಎಂದ ದೊಡ್ಡಪ್ಪ ಆ ಕಡೆಯಿಂದ. "ಅಂದದ್ದಷ್ಟ ಹೇಳಲೇ. ಮ್ಯಾಲೆ ಬೆಲ್ಲ ಹಚ್ಚಬ್ಯಾಡ."

"ಹೂಂ, ಅಂದದ್ದಷ್ಟ ಹೇಳು" ಎಂದ ಅಪ್ಪ.

ಅಷ್ಟು ವರ್ಷಗಳಲ್ಲಿ ಅಣ್ಣತಮ್ಮಂದಿರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು, ನಾನು ಕೆಲಸಕ್ಕೆ ಬಾರದವನು ಎಂಬ ವಿಷಯದಲ್ಲಿ. ಆಮೇಲೆ ನಾನು ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಕಳೆಯಲಿಲ್ಲ. ಕತ್ತನ್ನು ಎಡಕ್ಕೆ ತಿರುಗಿಸುವುದು, ಬಲಕ್ಕೆ ತಿರುಗಿಸುವುದು, ಅಷ್ಟೇ.

"ನಾಟಿ ಯಾವಾಗ ಅಂತ ಕೇಳು." "ಆ ವಾರದಾಗ, ನೀರು ನೋಡ್ಕೊಂಡು ಅಂತ ಹೇಳು." ಬಸ್ಸು ಒಂದು ಕಡೆ ನಿಂತಿತು, ಯಾರೋ ಇಳಿದರು, ಮತ್ತೆ ಹೊರಟಿತು. "ಈ ಸಲ ಮೊದ್ಲು ಕೆಳಗ ಬಿಡ್ತೀನಿ ಅಂತ ಹೇಳು" ಎಂದ ದೊಡ್ಡಪ್ಪ. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪನಿಗೆ ಕೇಳಿಸಿಯೇ ಇತ್ತು. ಆದರೂ ನಾನು ಹೇಳುವವರೆಗೆ ಕಾದ. ಹೇಳಿದೆ.

"ಬಾ ಅಂದೆ ಅಂತ ಹೇಳು" ಎಂದ ಅಪ್ಪ.

"ಬರ್ತೀನಿ ಅಂತ ಹೇಳು" ಎಂದ ದೊಡ್ಡಪ್ಪ.

ಈ ಬಸ್ಸಿನ ಪ್ರಸಂಗವನ್ನು ಮುಂದೆ ಮನಿಲಾದಲ್ಲಿ ನನ್ನ ಪ್ರಬಂಧದೊಳಗೆ ತುರುಕಲು ನೋಡಿದೆ. ಮಧ್ಯಸ್ಥನ ಕೊಡುಗೆ ಎಂಬ ಭಾಗಕ್ಕೆ ಬಂದು ಪೆನ್ನು ನಿಂತಿತು. ಬೇರೆ ಸೀಟು ಖಾಲಿ ಇರಲಿಲ್ಲವಾದ್ದರಿಂದ ನಡುವೆ ಕೂತಿದ್ದೆ ಎಂದು ಬರೆದವನಿಗೆ ಯಾರು ಪದವಿ ಕೊಡುತ್ತಾರೆ? ಬಿಟ್ಟುಬಿಟ್ಟೆ. ಕಾಲುವೆ ಆಡಳಿತದ ಬಗ್ಗೆ ಏನೋ ಬರೆದು ಪಾಸಾದೆ.

ಅವತ್ತು ಬಸ್ಸಿಳಿದು ಊರಿಗೆ ಬಂದು ನಾನು ಗೆದ್ದವನ ಹಾಗೆ ಓಡಾಡುತ್ತಿದ್ದಾಗ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು. "ಬರ್ತಾನ, ಖರೆ. ಆದ್ರ ವೀಳ್ಯ ಕೊಡೋ ಮುಂದ ಹಿರೇನು ಹುಡುಗಿ ಅಪ್ಪನ್ನ ಎಲ್ಲಾರ ಮುಂದ ಕೇಳ್ಬೇಕು, ಕೊಡೋಣೇನು ಅಂತ. ಅವ ಕೊಡು ಅನ್ನಬೇಕು. ಅಲ್ಲಿ ನಿನ್ನ ಕಡಿಂದ ಹೇಳ್ಸಂಗಿಲ್ಲಪಾ. ಬೀಗರು ನೋಡ್ತಿರ್ತಾರ" ಅಂದಳು. ಎಲ್ಲರ ಎದುರು ದೊಡ್ಡಪ್ಪ "ಅವಗ ಕೇಳು" ಎಂದರೆ ಸಂಡೂರಿನವರು ಎದ್ದು ಹೋಗಲು ಅಷ್ಟೇ ಸಾಕು.

ಸೋಮವಾರ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಹೊಸ ಮನೆಯ ಹೊಸಿಲನ್ನು ಅವನು ದಾಟಿದ್ದು ಅದೇ ಮೊದಲು. ತಂಗಿ ಒಳಗಿನಿಂದ ಓಡಿ ಬಂದು ಕಾಲಿಗೆ ಬಿದ್ದಳು. ಅವಳನ್ನು ಎಬ್ಬಿಸುವಾಗ ದೊಡ್ಡಪ್ಪ ಅವಳ ತಲೆಯ ಮೇಲಿಟ್ಟ ಕೈಯನ್ನು ಬೇಗ ತೆಗೆಯಲಿಲ್ಲ. ಸಂಡೂರಿನವರು ಜಮಖಾನದ ಆ ಕಡೆ ಸಾಲಾಗಿ ಕೂತರು. ಈ ಕಡೆ ಅಪ್ಪ ಕೂತ. ದೊಡ್ಡಪ್ಪ ನಡುವೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂತ. ಯಾರೂ ಹೇಳದಿದ್ದರೂ ನಾನು ಹೋಗಿ ಆ ಜಾಗದಲ್ಲಿ ಕೂತೆ. ಅದು ನನ್ನ ಹುದ್ದೆಯೆಂದು ನನಗೆ ಅನ್ನಿಸಿಬಿಟ್ಟಿತ್ತು.

ಎಲೆ ಅಡಿಕೆ, ಹೂವು, ಅರಿಸಿನದ ಕೊಂಬು ಇಟ್ಟ ತಟ್ಟೆಯನ್ನು ಅವ್ವ ತಂದು ದೊಡ್ಡಪ್ಪನ ಕೈಗೆ ಕೊಟ್ಟಳು. ದೊಡ್ಡಪ್ಪ ತಟ್ಟೆ ಹಿಡಿದುಕೊಂಡ, ಕೊಡಲಿಲ್ಲ. ಹುಡುಗನ ತಂದೆ ಕೈ ಮುಂದೆ ಮಾಡಿದ್ದವರು ಹಾಗೆಯೇ ಇದ್ದರು. ಬಾಗಿಲ ಹಿಂದೆ ತಂಗಿಯ ಬಳೆ ಸದ್ದೂ ನಿಂತಿತು. ದೊಡ್ಡಪ್ಪ ತಟ್ಟೆಯನ್ನೇ ನೋಡುತ್ತಿದ್ದ, ಅಪ್ಪ ಜಮಖಾನವನ್ನೇ ನೋಡುತ್ತಿದ್ದ.

ದೊಡ್ಡಪ್ಪ ಮುಖ ತಿರುಗಿಸಿದ. ನನ್ನ ಎದೆಯ ಮುಂದಿನಿಂದ ಸ್ವಲ್ಪ ಬಾಗಿ, ಅಪ್ಪನ ಕಡೆ ನೋಡಿ, "ಏನ್ ತಮ್ಮಾ, ಕೊಡೋಣೇನು?" ಅಂದ.

ನಾನು ರೂಢಿಬಲದಿಂದ ಅಪ್ಪನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ: "ಅಪ್ಪಾ, ಕೊಡೋಣೇನು ಅಂತ ಕೇಳಾಕ ಹತ್ಯಾನ."

ಸಂಡೂರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಬಾಗಿಲ ಹಿಂದೆ ದೊಡ್ಡವ್ವ ಸೆರಗು ಬಾಯಿಗೆ ಹಿಡಿದಳು. ಅಪ್ಪ ನನ್ನನ್ನು ನೋಡಲೇ ಇಲ್ಲ. ಅವನು ಅಣ್ಣನನ್ನು ನೋಡುತ್ತಿದ್ದ, ಕಣ್ಣು ತುಂಬಿದ್ದವು.

"ನೀನ ಹಿರೇನು. ನೀನ ಕೊಡಣ್ಣ" ಅಂದ.

ತಟ್ಟೆ ಆ ಕಡೆಯವರ ಕೈಗೆ ಹೋಯಿತು. ಅಪ್ಪ ನನ್ನ ಮೊಣಕಾಲಿಗೆ ತಟ್ಟಿ, "ನೀ ಜರಾ ಆಕಡೆ ಸರಿ" ಅಂದ. ನಾನು ಎದ್ದು ಗೋಡೆಯ ಹತ್ತಿರ ಹೋಗಿ ನಿಂತೆ. ಅಪ್ಪ ದೊಡ್ಡಪ್ಪನ ಪಕ್ಕಕ್ಕೆ ಸರಿದು ಕೂತ.